ನಾರು ಮುರಿಯುವವರು ಯಾರು?

ಹೋದ ವಾರ ಕೊಟ್ಟ ಮಾತಿನ ಪ್ರಕಾರ ಇವತ್ತು ಟೆಕ್ಸಾಸಿನ ಹೊಗೆ ಒಲೆಗಳ ಬಗ್ಗೆ ಬರೆಯಬೇಕಿತ್ತು. ಓಕ್ ಸೌದೆ, ಅದರ ಉರಿ, ರಾತ್ರಿಯಿಡೀ ಒಲೆ ಕಾಯುವವರ ಕೆಲಸ, ಎಲ್ಲವನ್ನೂ ಗುರುತು ಹಾಕಿಟ್ಟುಕೊಂಡಿದ್ದೆ. ಬರಹ ಗುರುವಾರ ಸಂಜೆಯೊಳಗೆ ಪತ್ರಿಕೆಯ ಕೈಸೇರಬೇಕು. ಬುಧವಾರ ಬೆಳಿಗ್ಗೆ ಶಿವಾಜಿನಗರದ ಬೀಫ್ ಮಾರ್ಕೆಟ್ಟಿಗೆ ಹೋದವನು ಬೇರೆಯೇ ವಿಷಯ ಹೊತ್ತು ಬಂದೆ. ಹೊಗೆ ಇನ್ನೊಂದು ವಾರ ಕಾಯಲಿ.

ನಾನು ಯಾವಾಗಲೂ ಹೋಗುವ ಅಂಗಡಿಯ ಮುಂದೆ ಒಬ್ಬ ಹುಡುಗ ನಿಂತಿದ್ದ. "ಒಂದು ಕೆಜಿ ಸೀನಾ, ಕರಿ ಕಟ್ ಮಾಡಿ" ಅಂದ. ಅಂಗಡಿಯ ಭಾಯಿ ಎದೆಮಾಂಸದ ದೊಡ್ಡ ತುಂಡನ್ನು ಕೊಕ್ಕೆಯಿಂದ ಇಳಿಸಿ ಕೊರಡಿನ ಮೇಲಿಟ್ಟರು. ಆದರೆ ಚೂರಿ ಎತ್ತಲಿಲ್ಲ. "ಏನ್ ಮಾಡ್ತೀರ ಸಾರ್, ಮೊದ್ಲು ಅದು ಹೇಳಿ" ಅಂದರು. ಹುಡುಗ "ಅದೇ, ಕರಿ" ಅಂದ. "ಕರಿ ಅಂದ್ರೆ? ಸಾರಾ, ಫ್ರೈಯಾ, ಪಲಾವಾ?" ಹುಡುಗನ ಹತ್ತಿರ ಉತ್ತರ ಇರಲಿಲ್ಲ. ಮೊಬೈಲ್ ತೆಗೆದು ಮನೆಗೆ ಫೋನ್ ಮಾಡಿದ. ಅವನು ಮಾತಾಡಿ ಮುಗಿಸುವ ತನಕ ಭಾಯಿ ಚೂರಿಯನ್ನು ಮಸೆಗೋಲಿನ ಮೇಲೆ ಎಳೆಯುತ್ತ ಕಾದರು.

ಈ ಒಂದು ಪ್ರಶ್ನೆಗಾಗಿಯೇ ನಾನು ಇಷ್ಟು ವರ್ಷ ಆ ಅಂಗಡಿ ಬಿಟ್ಟಿಲ್ಲ. ಪ್ಲಾಸ್ಟಿಕ್ ತಟ್ಟೆಯಲ್ಲಿ ಸುತ್ತಿಟ್ಟ ಮಾಂಸ ಈ ಪ್ರಶ್ನೆಯನ್ನು ಕೇಳುವುದಿಲ್ಲ. ಅದನ್ನು ಕತ್ತರಿಸಿದ ಹೊತ್ತಿಗೆ ಯಾರ ಮನೆಗೆ ಹೋಗುತ್ತದೆ, ಯಾವ ಪಾತ್ರೆಗೆ ಬೀಳುತ್ತದೆ ಎಂದು ಯಾರಿಗೂ ಗೊತ್ತಿರುವುದಿಲ್ಲ. ಎಳೆ ಕೋಳಿಗೆ ಇದು ಅಷ್ಟು ದೊಡ್ಡ ತಪ್ಪಲ್ಲ. ಎದೆಮಾಂಸಕ್ಕೆ ಇದು ಕ್ಷಮೆ ಇಲ್ಲದ ತಪ್ಪು.

ಈ ಅಂಕಣ ಓದುತ್ತ ಬಂದವರಿಗೆ ಎದೆಮಾಂಸದ ರಚನೆ ಗೊತ್ತೇ ಇದೆ. ಕೆಳಗಿನ ಚಪ್ಪಟೆ ಪದರವನ್ನು ನಾವು ಹಲಗೆ ಎಂದೂ, ಅದರ ಮೇಲೆ ಕೂತಿರುವ ನೆಣ ತುಂಬಿದ ಉಬ್ಬನ್ನು ಗುಡ್ಡೆ ಎಂದೂ ಕರೆಯುತ್ತ ಬಂದಿದ್ದೇವೆ. ಎರಡರ ನಡುವೆ ಒಂದು ದಪ್ಪ ನೆಣದ ಪದರ. ದನ, ಎಮ್ಮೆಗಳಿಗೆ ನಮ್ಮ ಹಾಗೆ ಕೊರಳೆಲುಬಿಲ್ಲ. ನಿಂತಾಗಲೂ ನಡೆದಾಗಲೂ ಮೈಭಾರದ ಅರ್ಧಕ್ಕಿಂತ ಹೆಚ್ಚನ್ನು ಈ ಎದೆಯ ಸ್ನಾಯುಗಳೇ ಹೊರುತ್ತವೆ. ಹಾಗಾಗಿ ಇಲ್ಲಿನ ನಾರು ದಪ್ಪ, ನಾರುಗಳನ್ನು ಕಟ್ಟಿಹಾಕುವ ಕೊಲಾಜೆನ್ ಪೊರೆ ಗಟ್ಟಿ. ಹಲಗೆಯ ನಾರು ಒಂದು ದಿಕ್ಕಿಗೆ ಹರಿದರೆ ಗುಡ್ಡೆಯ ನಾರು ಇನ್ನೊಂದು ದಿಕ್ಕಿಗೆ ಹರಿಯುತ್ತದೆ. ಎರಡನ್ನೂ ಜೋಡಿಸಿಟ್ಟುಕೊಂಡೇ ಒಂದೇ ಗೆರೆಯಲ್ಲಿ ಚೂರಿ ಎಳೆದರೆ ಅರ್ಧ ಸರಿಯಾಗಿ, ಅರ್ಧ ತಪ್ಪಾಗಿ ಕತ್ತರಿಸಿದಂತೆ.

ನಾರಿಗೆ ಅಡ್ಡ ಏಕೆ ಎಂದು ಹೊಸಬರು ಕೇಳಿದರೆ ನಾನು ಬಾಳೆದಿಂಡು ತೋರಿಸುತ್ತೇನೆ. ದಿಂಡನ್ನು ಉದ್ದಕ್ಕೆ ಸೀಳಿ ಪಲ್ಯ ಮಾಡುವವರು ಯಾರೂ ಇಲ್ಲ. ಬಿಲ್ಲೆ ಬಿಲ್ಲೆಯಾಗಿ ಅಡ್ಡ ಹೆಚ್ಚುತ್ತೇವೆ, ಬಿಲ್ಲೆಗೊಮ್ಮೆ ಬೆರಳಿಗೆ ನೂಲು ಸುತ್ತಿ ತೆಗೆಯುತ್ತೇವೆ. ಉದ್ದ ನಾರು ಹಲ್ಲಿನ ಪಾಲಿಗೆ ಹಗ್ಗ, ತುಂಡು ನಾರು ಹಲ್ಲಿಗೆ ಹಿಟ್ಟು. ಎದೆಮಾಂಸದಲ್ಲೂ ಅಷ್ಟೇ.

ಇನ್ನು ನಮ್ಮ ಪಾತ್ರೆಗೆ ಬೀಳುವ ಮಾಂಸ ಯಾವುದು ಎಂಬುದನ್ನು ಮರೆಯಬಾರದು. ಕರ್ನಾಟಕದಲ್ಲಿ 2021ರಿಂದ ಜಾರಿಯಲ್ಲಿರುವ ಕಾಯ್ದೆಯ ಪ್ರಕಾರ ಹಸು, ಎತ್ತು, ಹೋರಿ, ಕರುಗಳನ್ನು ಕಡಿಯುವಂತಿಲ್ಲ. 13 ವರ್ಷ ದಾಟಿದ ಎಮ್ಮೆ, ಕೋಣಗಳಿಗೆ ಮಾತ್ರ ಅನುಮತಿ. ಅಂದರೆ ನಮ್ಮ ಕೊರಡಿನ ಮೇಲೆ ಬರುವುದು ಮುದಿ ಎಮ್ಮೆಯ ಎದೆ. ಕಡುಗೆಂಪು ಮಾಂಸ, ಬಿಳಿಯ ನೆಣ, ನಾರುಗಳ ಮಧ್ಯೆ ಹರಡಿಕೊಂಡ ಕೊಬ್ಬು ಕಡಿಮೆ. ಟೆಕ್ಸಾಸಿನವರು ಹೊಗೆಗೆ ಹಾಕುವುದು ಕಾಳು ತಿನ್ನಿಸಿ ಬೆಳೆಸಿದ, ಎರಡು ವರ್ಷದ ಆಸುಪಾಸಿನ ಹೋರಿಯ ಎದೆ. ವಯಸ್ಸಾದಂತೆ ಕೊಲಾಜೆನ್ನಿನ ಎಳೆಗಳು ಒಂದಕ್ಕೊಂದು ಹೆಚ್ಚು ಹೆಚ್ಚು ಹೆಣೆದುಕೊಳ್ಳುತ್ತವೆ, ಕರಗಲು ಹೊತ್ತು ಹಿಡಿಯುತ್ತದೆ. ಅವರ ಅಳತೆ, ಅವರ ಹೊತ್ತು, ಅವರ ಚೂರಿಯ ಗೆರೆ ಇವುಗಳನ್ನು ಹಾಗೆಯೇ ಎತ್ತಿ ತಂದು ನಮ್ಮ ಎಮ್ಮೆಯ ಮೇಲೆ ಹೇರುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ.

ಕೆಲವು ವರ್ಷಗಳ ಹಿಂದೆ ನಗರದ ಒಂದು ಹೋಟೆಲಿನಲ್ಲಿ ಹನ್ನೆರಡು ಗಂಟೆ ಹೊಗೆಯಲ್ಲಿ ಬೆಂದ ಎದೆಮಾಂಸ ತಿನ್ನಲು ಕೂತಿದ್ದೆ. ಮಾಂಸ ಚೆನ್ನಾಗಿಯೇ ಬೆಂದಿತ್ತು. ಮೇಲಿನ ಕರಿ ಹೊರಪದರ, ಅದರ ಕಾಳುಮೆಣಸು, ಒಳಗಿನ ತೇವ ಎಲ್ಲವೂ ಹದ. ಆದರೆ ಬಡಿಸುವಾಗ ಹಲಗೆಯನ್ನು ನಾರಿನುದ್ದಕ್ಕೆ ಹೆಚ್ಚಿದ್ದರು. ತಟ್ಟೆಗೆ ಬಂದದ್ದು ಉದ್ದುದ್ದ ಪಟ್ಟಿ. ಹನ್ನೆರಡು ಗಂಟೆಯ ಕೆಲಸ ಕೊನೆಯ ಎರಡು ನಿಮಿಷದಲ್ಲಿ ಹಾಳಾಯಿತು. ಅದೇ ಟೆಕ್ಸಾಸಿನಲ್ಲಿ ಮಾಂಸ ಹೆಚ್ಚುವ ಕೆಲಸವನ್ನು ಅನುಭವಸ್ಥರಿಗಷ್ಟೇ ಕೊಡುತ್ತಾರೆ. ಹಲಗೆಯನ್ನು ನಾರಿಗೆ ಅಡ್ಡ, ಪೆನ್ಸಿಲ್ ದಪ್ಪಕ್ಕೆ ಹೆಚ್ಚುತ್ತ ಬಂದು, ಗುಡ್ಡೆ ಶುರುವಾಗುವ ಕಡೆ ನಿಲ್ಲಿಸಿ, ತುಂಡನ್ನು ಕಾಲು ಸುತ್ತು ತಿರುಗಿಸಿ, ಮತ್ತೆ ಅಡ್ಡ ಹೆಚ್ಚುತ್ತಾರೆ. ಆ ಕಾಲು ಸುತ್ತಿನಲ್ಲಿ ಇಡೀ ವಿದ್ಯೆ ಇದೆ.

ಈಗ ಹಳೆಯ ಲೆಕ್ಕ ಒಂದನ್ನು ಚುಕ್ತಾ ಮಾಡಬೇಕು. "ಗಟ್ಟಿ ಮಾಂಸ ತಾನೇ, ಸಣ್ಣಗೆ ಹೆಚ್ಚಿ, ಬೇಗ ಬೇಯುತ್ತದೆ" ಎಂದು ಹೇಳುವ ಒಂದು ಪಂಥ ಇದೆ. ಟಿವಿಯ ಅಡುಗೆ ಕಾರ್ಯಕ್ರಮಗಳಲ್ಲಿ, ಅಪಾರ್ಟ್‌ಮೆಂಟಿನ ವಾಟ್ಸಾಪ್ ಗುಂಪುಗಳಲ್ಲಿ ಇದೇ ಉಪದೇಶ. ಕೇಳಲು ನ್ಯಾಯವಾಗಿದೆ, ಪಾತ್ರೆಯಲ್ಲಿ ನಡೆಯುವುದು ಬೇರೆ. ಮಾಂಸದ ಒಳಬಿಸಿ 60 ಡಿಗ್ರಿ ದಾಟಿದ ಮೇಲೆ ನಾರು ಕುಗ್ಗಿ ನೀರನ್ನು ಹಿಂಡಿ ಹೊರಹಾಕುತ್ತದೆ. ಕೊಲಾಜೆನ್ ಕರಗಿ ಜೆಲಟಿನ್ ಆಗಲು ಶುರುವಾಗುವುದು 70 ಡಿಗ್ರಿಯ ನಂತರ, ಅದೂ ಗಂಟೆಗಟ್ಟಲೆ ನಿಧಾನವಾಗಿ. ಬೆರಳ ತುದಿಯಷ್ಟು ಚೌಕ ತುಂಡಿಗೆ ಆ ಹೊತ್ತು ತಡೆಯುವ ಶಕ್ತಿ ಇಲ್ಲ. ಪೊರೆ ಕರಗುವ ಮೊದಲೇ ಅದು ಒಣಗಿ ಕುಗ್ಗಿರುತ್ತದೆ. ಎದೆಮಾಂಸ ಪೂರ್ತಿ ಬೇಯುವಷ್ಟರಲ್ಲಿ ತೂಕದ ಮೂರನೇ ಒಂದು ಪಾಲಿಗಿಂತ ಹೆಚ್ಚು ಕಳೆದುಕೊಳ್ಳುತ್ತದೆ. ಸಣ್ಣದಾಗಿ ಹೋದದ್ದು ಇನ್ನೂ ಸಣ್ಣದಾಗಿ, ರಬ್ಬರಾಗಿ ಬರುತ್ತದೆ. ಆಗ ಇದೇ ಪಂಥದವರು ಪರಂಗಿಕಾಯಿ ಅರೆದು ಹಚ್ಚಲು ಹೇಳುತ್ತಾರೆ. ಪರಂಗಿಯ ರಸ ಕಬಾಬಿನ ತೆಳು ತುಂಡಿಗೆ ಒಳ್ಳೆಯದು. ದಪ್ಪ ತುಂಡಿನಲ್ಲಿ ಅದು ಮೇಲ್ಮೈಯನ್ನು ಅಂಟು ಮಾಡಿ ಒಳಗನ್ನು ಹಾಗೇ ಬಿಡುತ್ತದೆ.

ನನ್ನ ಪಂಥ ಇಷ್ಟೇ: ದೊಡ್ಡದಾಗಿ ಬೇಯಿಸಿ, ಆಮೇಲೆ ಸಣ್ಣದು ಮಾಡಿ. ಸುಕ್ಕ, ಫ್ರೈಗಳಿಗೆ ಹಲಗೆಯನ್ನು ಅಂಗೈ ಅಗಲದ ಎರಡು ಮೂರು ಗಟ್ಟಿಗಳಾಗಿ ತನ್ನಿ. ಉಪ್ಪು, ಅರಿಸಿನ, ಜಜ್ಜಿದ ಶುಂಠಿ ಹಾಕಿ ಸಣ್ಣ ಉರಿಯಲ್ಲಿ ಮುಕ್ಕಾಲು ಬೇಯಿಸಿ. ತಣಿಯಲು ಬಿಡಿ, ಸಾಧ್ಯವಾದರೆ ರಾತ್ರಿಯಿಡೀ ಫ್ರಿಜ್ಜಿನಲ್ಲಿಡಿ. ಬೆಳಿಗ್ಗೆ ಗಟ್ಟಿ ಕಟ್ಟಿಕೊಂಡಿರುತ್ತದೆ, ನಾರು ಗೆರೆ ಹೊಡೆದಂತೆ ಕಣ್ಣಿಗೆ ಕಾಣುತ್ತದೆ. ಆಗ ಅಡ್ಡ ಹೆಚ್ಚಿ, ಕಿರುಬೆರಳ ಉಗುರಿನ ದಪ್ಪಕ್ಕೆ. ಮಂಗಳೂರಿನ ಕಡೆಯ ತೆಂಗಿನತುರಿಯ ಸುಕ್ಕವೇ ಆಗಲಿ, ಮಲಬಾರಿನ ಕಾಯಿಚೂರು ಹಾಕಿದ ಫ್ರೈಯೇ ಆಗಲಿ, ಮಾಂಸ ಮಸಾಲೆ ಹಿಡಿಯುತ್ತದೆ, ಹಲ್ಲಿಗೂ ಒಗ್ಗುತ್ತದೆ. ಬೇಯಿಸಿದ ನೀರನ್ನು ಚೆಲ್ಲಬೇಡಿ, ಬಾಣಲೆಗೆ ಅದನ್ನೇ ಸ್ವಲ್ಪ ಸ್ವಲ್ಪ ಹಾಕಿ ಇಂಗಿಸಿ.

ಮುದ್ದೆಯ ಜೊತೆಯ ಸಾರಿಗೆ ಗುಡ್ಡೆ ಬೇಕು, ಸಾಧ್ಯವಾದರೆ ಎದೆಯ ಮೆದು ಮೂಳೆ ಅಂಟಿಕೊಂಡಿರುವ ಕಡೆಯದು. ಹಸಿಯಲ್ಲಿ ದೊಡ್ಡ ನಿಂಬೆಯಷ್ಟು ತುಂಡು, ಬೆಂದ ಮೇಲೆ ಸಣ್ಣ ನಿಂಬೆಯಷ್ಟಾಗುತ್ತದೆ. ಪ್ರತಿ ತುಂಡಿಗೂ ಒಂದು ಪಟ್ಟಿ ನೆಣ ಇರಲಿ. ನೆಣ ಕಿತ್ತೆಸೆದು ಸಾರು ಕುದಿಸುವವರಿಗೆ ಸಾರು ಸಿಗುವುದಿಲ್ಲ, ಖಾರದ ನೀರು ಸಿಗುತ್ತದೆ. ಕಲಬುರಗಿಯ ತಹಾರಿಗೆ ತುಂಡು ಇನ್ನೊಂದು ಬಗೆ. ಅನ್ನದ ಜೊತೆಗೇ ದಮ್ಮಿಗೆ ಬೀಳುವುದರಿಂದ ಸೌಟು ತಿರುಗಿಸಿದರೂ ಪುಡಿಯಾಗಬಾರದು. ಎರಡು ಬೆರಳು ದಪ್ಪ, ನಾರು ಆ ದಪ್ಪದ ದಿಕ್ಕಿನಲ್ಲಿ ನಿಂತಿರಬೇಕು, ಉದ್ದದ ದಿಕ್ಕಿನಲ್ಲಿ ಮಲಗಿರಬಾರದು. ಸೀಖ್ ಕಬಾಬಿನ ಖೀಮಾಗೆ ಗುಡ್ಡೆಯನ್ನೇ ಕೇಳಿ, ನಾಲ್ಕು ಪಾಲು ಮಾಂಸಕ್ಕೆ ಒಂದು ಪಾಲು ನೆಣ, ಯಂತ್ರದಲ್ಲಿ ಎರಡು ಸಲ. ಅಲ್ಲಿ ನಾರಿನ ದಿಕ್ಕಿನ ಚಿಂತೆಯೇ ಇಲ್ಲ, ಯಂತ್ರ ಎಲ್ಲ ನಾರನ್ನೂ ಮುರಿದಿರುತ್ತದೆ.

ತುಂಡಿನ ಗಾತ್ರವನ್ನು ನಿಂಬೆ, ಉಗುರು, ಬೆರಳು ಎಂದು ಹೇಳುವುದನ್ನು ಕೆಲವು ಓದುಗರು ಆಕ್ಷೇಪಿಸಿದ್ದಾರೆ, ಸೆಂಟಿಮೀಟರಿನಲ್ಲಿ ಕೊಡಿ ಎಂದಿದ್ದಾರೆ. ನಾನು ನನ್ನ ನೆಚ್ಚಿನ ಗ್ರಂಥದ ದಾರಿ ಬಿಡುವುದಿಲ್ಲ. ಕಲ್ಯಾಣದ ಚಾಲುಕ್ಯ ಅರಸ ಮೂರನೆಯ ಸೋಮೇಶ್ವರ 12ನೇ ಶತಮಾನದ ಮೊದಲ ಭಾಗದಲ್ಲಿ, ಇಂದಿನ ಬಸವಕಲ್ಯಾಣದಲ್ಲಿ, ಸಂಸ್ಕೃತದಲ್ಲಿ ಬರೆದ 'ಮಾನಸೋಲ್ಲಾಸ' ಅದು. ಅದರ ಅನ್ನಭೋಗದ ಅಧ್ಯಾಯವನ್ನು ನಾನು ವರ್ಷಕ್ಕೊಮ್ಮೆಯಾದರೂ ತೆಗೆದು ಓದುತ್ತೇನೆ. ಅಲ್ಲಿ ಎಮ್ಮೆಯ ಎದೆ ಇಲ್ಲ, ಹಂದಿ, ಜಿಂಕೆ, ಮೀನು, ಹೊಲದ ಇಲಿ ಇವೆ. ನನ್ನನ್ನು ಹಿಡಿದು ನಿಲ್ಲಿಸುವುದು ಈಲಿಯ ಅಡುಗೆ. ಈಲಿಯನ್ನು ಅಡಕೆಯ ಆಕಾರಕ್ಕೆ ಕತ್ತರಿಸಿ, ಕೆಂಡದ ಮೇಲೆ ಸುಟ್ಟು, ಆಮೇಲೆ ಮಸಾಲೆಯೊಂದಿಗೆ ಹುರಿದು, ಕೊನೆಗೆ ಮೊಸರಿನಲ್ಲೋ ಸಾಸಿವೆಯ ರಸದಲ್ಲೋ ಹಾಕಬೇಕು. ಅಡಕೆ ಅಂದ ಕೂಡಲೇ ಗಾತ್ರ ಕಣ್ಣಿಗೆ ಬಂತು, ಆಕಾರ ಕೈಗೆ ಬಂತು. ಗುಂಡಗಿನ ತುಂಡು ಕೆಂಡದ ಮೇಲೆ ಎಲ್ಲ ಕಡೆ ಒಂದೇ ಸಮ ಸುಡುತ್ತದೆ, ಮೂಲೆ ಕರಕಾಗುವುದಿಲ್ಲ. ಒಂಬೈನೂರು ವರ್ಷದ ಹಿಂದೆ ಒಬ್ಬ ಅರಸ ಅಡುಗೆಯನ್ನು ಹೇಳುವಾಗ ಚೂರಿಯಿಂದ ಶುರು ಮಾಡಿದ, ಮಸಾಲೆ ಆಮೇಲೆ ಬಂತು. ನಮ್ಮ ಇಂದಿನ ಅಡುಗೆ ಪುಸ್ತಕಗಳು ಮಸಾಲೆಗೆ ಹತ್ತು ಸಾಲು ಕೊಟ್ಟು ಮಾಂಸಕ್ಕೆ 'ಚೆನ್ನಾಗಿ ತೊಳೆದು ತುಂಡು ಮಾಡಿ' ಎಂದು ನಾಲ್ಕೇ ಪದದಲ್ಲಿ ಕೈ ತೊಳೆದುಕೊಳ್ಳುತ್ತವೆ.

ಲೋಕದ ಒಳ್ಳೆಯ ಅಡುಗೆಮನೆಗಳೆಲ್ಲ ಎದೆಮಾಂಸದ ವಿಷಯದಲ್ಲಿ ಸೋಮೇಶ್ವರನ ಪಕ್ಷ. ಯಹೂದಿಗಳು ಹಬ್ಬಕ್ಕೆ ಎದೆಮಾಂಸವನ್ನು ಇಡಿಯಾಗಿ ಈರುಳ್ಳಿಯಲ್ಲಿ ಬೇಯಿಸಿ, ರಾತ್ರಿಯಿಡೀ ತಣಿಸಿ, ಮರುದಿನ ತಣ್ಣಗಿರುವಾಗಲೇ ತೆಳುವಾಗಿ ಹೆಚ್ಚಿ, ಅದರ ರಸದಲ್ಲೇ ಮತ್ತೆ ಬಿಸಿ ಮಾಡುತ್ತಾರೆ. ಸುಕ್ಕಕ್ಕೆ ನಾನು ಹೇಳಿದ್ದು ಇದೇ ಕ್ರಮ. ಹನೋಯಿಯಲ್ಲಿ ಫೋ ಎಂಬ ನೂಡಲ್ ಸಾರಿನ ಅಂಗಡಿಗಳಲ್ಲಿ ಎದೆಮಾಂಸದ ಗಟ್ಟಿ ಸಾರಿನಲ್ಲೇ ಬೆಂದು, ಹೊರಬಂದು ಆರಿ, ಕಾಗದದಷ್ಟು ತೆಳು ಹೋಳಾಗಿ ಬಟ್ಟಲು ಸೇರುತ್ತದೆ. ಕೊರಿಯಾದವರು ಎದೆಯ ನೆಣವಿರುವ ಭಾಗವನ್ನು ಹೆಪ್ಪುಗಟ್ಟಿಸಿ, ತೆಳ್ಳನೆಯ ಸಿಪ್ಪೆಯಂತೆ ಅಡ್ಡ ಹೆರೆದು, ಕಾದ ಹಂಚಿನ ಮೇಲೆ ಕ್ಷಣದಲ್ಲಿ ಸುಡುತ್ತಾರೆ. ಅದರ ಹೆಸರು ಚಾದೋಲ್‌ಬೇಗಿ. ಅಲ್ಲಿ ಗಂಟೆಗಟ್ಟಲೆ ಬೇಯಿಸುವ ಕೆಲಸವೇ ಇಲ್ಲ, ಬೆಂಕಿ ಮಾಡಬೇಕಾದ್ದನ್ನು ಚೂರಿಯೇ ಮಾಡಿ ಮುಗಿಸಿರುತ್ತದೆ.

ಆದರೆ ಅದೇ ಕೊರಿಯಾದವರು ಯುಕ್‌ಗೇಜಾಂಗ್ ಎಂಬ ಖಾರದ ಸಾರಿಗೆ ಎದೆಮಾಂಸವನ್ನು ಇಡಿಯಾಗಿ ಬೇಯಿಸಿ, ಚೂರಿ ಮುಟ್ಟಿಸದೆ, ಕೈಯಲ್ಲೇ ನಾರಿನುದ್ದಕ್ಕೆ ಎಳೆ ಎಳೆಯಾಗಿ ಬಿಡಿಸುತ್ತಾರೆ. ಇದನ್ನು ಮೊದಲು ಓದಿದಾಗ ನನಗೆ ಗಲಿಬಿಲಿಯಾಗಿತ್ತು. ಈ ಅಂಕಣದಲ್ಲಿ ವರ್ಷಗಟ್ಟಲೆ 'ಅಡ್ಡ, ಅಡ್ಡ, ಅಡ್ಡ' ಎಂದು ಬರೆದವನು ನಾನು. ಉತ್ತರ ಸಿಕ್ಕಿದ್ದು ಕೊಳ್ಳೇಗಾಲದ ಕಡೆಯ ಒಂದು ಕೇರಿಯಲ್ಲಿ, ಗೆಳೆಯನ ಅವ್ವನಿಂದ.

ಅವರ ಮನೆಯಲ್ಲಿ ಅಂದು ಕೊರಬಾಡು, ಅಂದರೆ ಒಣಮಾಂಸ, ಮಾಡುತ್ತಿದ್ದರು. ಹಲಗೆಯ ನೆಣವನ್ನೆಲ್ಲ ಬಿಡಿಸಿ ಪಕ್ಕಕ್ಕಿಟ್ಟಿದ್ದರು. ನೆಣ ಒಣಗುವುದಿಲ್ಲ, ಕಮಟು ಹಿಡಿಯುತ್ತದೆ. ಉಳಿದ ಮಾಂಸವನ್ನು ಅವ್ವ ಕಾಲಿನಡಿ ಮಣೆ ಹಿಡಿದು ಈಳಿಗೆಗೆ ಒಡ್ಡಿ, ನಾರಿನುದ್ದಕ್ಕೆ, ಒಂದು ಗೇಣಿಗಿಂತ ಉದ್ದದ ಪಟ್ಟಿಗಳಾಗಿ ಸೀಳುತ್ತಿದ್ದರು. ಒಂದು ಪಟ್ಟಿ ಎಲ್ಲೂ ತುಂಡಾಗದೆ ಬಿಚ್ಚಿಕೊಳ್ಳುತ್ತ ಹೋಗುತ್ತಿತ್ತು. ಸುಮ್ಮನಿರಲಾಗದೆ, ಅಡ್ಡ ಕುಯ್ದರೆ ಮೆತ್ತಗಾಗುವುದಿಲ್ಲವೇ ಅವ್ವ ಎಂದು ಕೇಳಿದೆ. "ಅಡ್ಡ ಕುಯ್ದ್ರೆ ಹಗ್ಗದ ಮ್ಯಾಲ ನಿಂತದಾ ಮಗಾ? ಅರ್ಧಕ್ಕೇ ಕಿತ್ಕಂಡು ಬಿದ್ದೋಯ್ತದ" ಅಂದರು. ಮತ್ತೆ ತಿನ್ನುವಾಗ ಹಲ್ಲಿಗೆ ಗಟ್ಟಿಯಾಗುವುದಿಲ್ಲವೇ ಎಂದೆ. "ಹಲ್ಲಿಗ್ಯಾಕ ಬುಡ್ಬೇಕು? ಕಲ್ಲದಲ್ಲ."

ಹಗ್ಗದ ಮೇಲೆ ಬಿಸಿಲಿನಲ್ಲಿ ದಿನಗಟ್ಟಲೆ ಒಣಗಿದ ಆ ಪಟ್ಟಿಗಳನ್ನು ಬೇಕಾದಾಗ ಕೆಂಡದ ಮೇಲೆ ಸುಡುತ್ತಾರೆ, ಆಮೇಲೆ ಕಲ್ಲಿನ ಮೇಲಿಟ್ಟು ಗುಂಡಿನಿಂದ ಜಜ್ಜುತ್ತಾರೆ. ನಾರು ಅಲ್ಲಿ ಮುರಿಯುತ್ತದೆ. ಜಜ್ಜಿದ್ದು ಹತ್ತಿಯ ಹಾಗೆ ಬಿಡಿಸಿಕೊಳ್ಳುತ್ತದೆ, ಈರುಳ್ಳಿ, ಹಸಿಮೆಣಸಿನ ಜೊತೆ ಮುದ್ದೆಗೆ ಅದಕ್ಕಿಂತ ಒಳ್ಳೆಯ ನಂಟು ನಾನು ಕಂಡಿಲ್ಲ. ಗಡಿಯಾಚೆ ಮರಾಠವಾಡದ ದಲಿತ ಮನೆಗಳಲ್ಲಿ ಇದನ್ನೇ ಚಾನ್ಯಾ ಅನ್ನುತ್ತಾರೆ, ಶಾಹು ಪಾಟೋಳೆ ಅವರು ಆ ಅಡುಗೆಮನೆಗಳ ಬಗ್ಗೆ ಮರಾಠಿಯಲ್ಲಿ ಒಂದು ಪುಸ್ತಕವನ್ನೇ ಬರೆದಿದ್ದಾರೆ. ದಕ್ಷಿಣ ಆಫ್ರಿಕಾದ ಬಿಲ್ಟಾಂಗ್ ಕೂಡ ನಾರಿನುದ್ದಕ್ಕೆ ಸೀಳಿ ಒಣಗಿಸಿದ್ದೇ, ತಿನ್ನುವಾಗ ಅದನ್ನು ಅಡ್ಡ ಹೆಚ್ಚುತ್ತಾರೆ. ಫ್ರಿಜ್ಜು ಇಲ್ಲದ, ಸಿಕ್ಕ ಮಾಂಸವನ್ನು ತಿಂಗಳುಗಟ್ಟಲೆ ಕಾಪಾಡಿಕೊಳ್ಳಬೇಕಾದ ಜನ ಕಂಡುಕೊಂಡ ಈ ವಿದ್ಯೆಗೆ ನಮ್ಮ ಅಡುಗೆ ಬರಹಗಳಲ್ಲಿ ಸಲ್ಲಬೇಕಾದ ಗೌರವ ಇನ್ನೂ ಸಂದಿಲ್ಲ. ಅವ್ವನ ಕೈ ನಾರನ್ನು ಓದುತ್ತಿದ್ದ ರೀತಿಯನ್ನು ನಾನು ಯಾವ ದೊಡ್ಡ ಹೋಟೆಲಿನ ಬಾಣಸಿಗನಲ್ಲೂ ನೋಡಿಲ್ಲ.

ಆ ಮಾತು ಕೇಳಿದ ಮೇಲೆ ನನ್ನ ಹಳೆಯ ಸೂತ್ರವನ್ನು ತಿದ್ದಿಕೊಂಡೆ. ನಾರಿಗೆ ಅಡ್ಡ ಎಂಬುದು ಮೊದಲ ನಿಯಮವಲ್ಲ. ನಾರು ಎಲ್ಲಾದರೂ ಒಂದು ಕಡೆ ಮುರಿಯಲೇಬೇಕು, ಅದನ್ನು ಮುರಿಯುವವರು ಯಾರು ಎಂದು ಮೊದಲೇ ತೀರ್ಮಾನಿಸುವುದೇ ಮೊದಲ ನಿಯಮ. ಸುಕ್ಕದಲ್ಲಿ, ಫೋದಲ್ಲಿ, ಚಾದೋಲ್‌ಬೇಗಿಯಲ್ಲಿ ಮುರಿಯುವುದು ಚೂರಿ. ಸಾರಿನಲ್ಲಿ ಮುರಿಯುವುದು ಸಣ್ಣ ಉರಿ ಮತ್ತು ಹೊತ್ತು. ಯುಕ್‌ಗೇಜಾಂಗಿನಲ್ಲಿ ಕೈ ಎಳೆಗಳನ್ನು ಬಿಡಿಸುತ್ತದೆ, ಪೊರೆ ಅದಕ್ಕೆ ಮೊದಲೇ ಕರಗಿರುತ್ತದೆ. ಖೀಮಾದಲ್ಲಿ ಯಂತ್ರ, ಕೊರಬಾಡಿನಲ್ಲಿ ಕಲ್ಲು. ಇವರಲ್ಲಿ ಯಾರೂ ಮಾಡದೆ ಬಿಟ್ಟ ಕೆಲಸ ಕೊನೆಗೆ ತಿನ್ನುವವರ ಹಲ್ಲಿನ ಮೇಲೆ ಬೀಳುತ್ತದೆ. ಗಟ್ಟಿ ಮಾಂಸ ಎಂದು ನಾವು ಬೈಯುವುದೆಲ್ಲ ಯಾರೋ ಮಾಡದೆ ಬಿಟ್ಟ ಆ ಕೆಲಸವನ್ನೇ.

ಶಿವಾಜಿನಗರದ ಹುಡುಗ ಫೋನಿಟ್ಟು "ಪಲಾವ್ ಅಂತೆ" ಅಂದ. ಭಾಯಿ ಹಲಗೆಯನ್ನು ಗುಡ್ಡೆಯಿಂದ ಬಿಡಿಸಿ, ಬೆಳಕಿಗೆ ತಿರುಗಿಸಿ ನಾರು ನೋಡಿದರು, ಎರಡು ಬೆರಳು ಅಳೆದು ಕತ್ತರಿಸಿದರು, ಗುಡ್ಡೆಯಿಂದ ಒಂದಿಷ್ಟು ನೆಣ ತೆಗೆದು ಮೇಲೆ ಹಾಕಿದರು. ಎರಡು ನಿಮಿಷದ ಕೆಲಸ.

ಓದುಗರಲ್ಲಿ ನನ್ನ ಕೋರಿಕೆ ಇಷ್ಟೇ. ಮುಂದಿನ ಸಲ ಎದೆಮಾಂಸ ತರಲು ಹೋಗುವ ಮೊದಲು ಮನೆಯಲ್ಲೇ ತೀರ್ಮಾನ ಮಾಡಿಕೊಂಡು ಹೋಗಿ, ಅಂಗಡಿಯವರು ಕೇಳುವ ಮೊದಲೇ ಅಡುಗೆಯ ಹೆಸರು ಹೇಳಿ. ಕೇಳದೆ ಕಡಿಯುವ ಅಂಗಡಿಯಾದರೆ ಇಡೀ ತುಂಡನ್ನೇ ತನ್ನಿ, ಮನೆಯ ಬೆಳಕಿನಲ್ಲಿ ನಾರು ನೋಡಿ ನೀವೇ ಚೂರಿ ಹಾಕಿ.